ಚೆನ್ನೈ ಬಿಸಿಲಿನ ಮೇಲೊಂದು ಅಪವಾದ

ಚೆನ್ನೈನ ಅಣ್ಣಾ ನಗರ, ಅಡ್ಯಾರ್, ತಿರುವಾನ್ಮಿಯೂರಿನ ಬೀದಿ ಬದಿಯಲ್ಲಿ ಸಾಲಾಗಿ ನಿಂತ ಕಾರುಗಳ ಬಾನೆಟ್ಟುಗಳನ್ನು ಬೆಳಗಿನ ಓರೆ ಬೆಳಕಿನಲ್ಲಿ ಗಮನಿಸಿದರೆ, ಹತ್ತು ಹನ್ನೆರಡು ವರ್ಷದ ಹಳೆಯ ಗಾಡಿಗಳಲ್ಲಷ್ಟೇ ಅಲ್ಲ, ಕೊಂಡು ಮೂರು ನಾಲ್ಕು ವರ್ಷ ತುಂಬದ ಕೆಲವುಗಳಲ್ಲೂ ಬಣ್ಣ ಬಿರುಕು ಬಿಟ್ಟಿರುವುದು ಕಾಣುತ್ತದೆ. ಕೆಲವೆಡೆ ಕೂದಲೆಳೆಯಷ್ಟು ಸಣ್ಣ ಗೆರೆಗಳ ಬಲೆ, ಕೆಲವೆಡೆ ಬಾನೆಟ್ಟಿನ ಉದ್ದಕ್ಕೂ ಒಂದರ ಪಕ್ಕ ಒಂದು ಸಾಗುವ ನೇರ ಸೀಳು, ಇನ್ನು ಕೆಲವೆಡೆ ಅಂಚು ಮೇಲೆದ್ದು ಚಕ್ಕೆ ಚಕ್ಕೆಯಾಗಿ ಕಿತ್ತುಬಂದ ಬಣ್ಣ. ಶೋರೂಮಿನಲ್ಲಿ ಕೇಳಿದರೂ ಟಿಂಕರಿಂಗ್ ಶೆಡ್ಡಿನಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: ಎಲ್ಲ ಈ ಊರಿನ ಬಿಸಿಲು. ಕೇಳಿದವರೂ ಅದನ್ನು ನಂಬುತ್ತಾರೆ, ಏಕೆಂದರೆ ಮೇ ತಿಂಗಳ ಚೆನ್ನೈಯಲ್ಲಿ ಯಾವ ಅನಾಹುತವನ್ನಾದರೂ ಬಿಸಿಲಿನ ಲೆಕ್ಕಕ್ಕೆ ಬರೆಯಬಹುದು. ಆದರೆ ಅವಧಿಗೆ ಮುನ್ನ ಬಿರಿಯುವ ಬಣ್ಣದ ವಿಷಯದಲ್ಲಿ ಈ ಉತ್ತರ ಅರ್ಧ ಸತ್ಯ. ಆ ಅರ್ಧದ ಮರೆಯಲ್ಲಿ ಬಣ್ಣ ಬಳಿದವರ ಹೊಣೆ ತಪ್ಪಿಹೋಗುತ್ತದೆ, ಬಳಿಸಿದವರ ಹಣ ಎರಡನೇ ಸಲವೂ ಪೋಲಾಗುತ್ತದೆ.

ಬಿಸಿಲಿನ ಪಾಲು ಎಷ್ಟೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಬಾಗಿಲುಗಳ ಮೇಲೆ ಓರೆಯಾಗಿ ಬೀಳುವ ಕಿರಣ, ಹೆಚ್ಚುಕಡಿಮೆ ಮಲಗಿದಂತಿರುವ ಬಾನೆಟ್, ರೂಫ್ ಮತ್ತು ಡಿಕ್ಕಿಯ ಮೇಲೆ ನೇರವಾಗಿ ಎರಗುತ್ತದೆ. 2003ರ ಮೇ 31ರಂದು ನುಂಗಂಬಾಕ್ಕಂ ಹವಾಮಾನ ಕೇಂದ್ರದಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಗಾಳಿ 40 ಡಿಗ್ರಿ ಇದ್ದ ದಿನ ಕಪ್ಪು ಅಥವಾ ಕಡುನೀಲಿ ಬಾನೆಟ್ಟಿನ ತಗಡು 70 ಡಿಗ್ರಿ ದಾಟಬಹುದು. ಇದರ ಜತೆಗೆ ಅತಿನೇರಳೆ ಕಿರಣ. ಬಣ್ಣದ ಮೇಲ್ಪದರವಾದ ಕ್ಲಿಯರ್ ಕೋಟ್ ಒಂದು ಪಾರದರ್ಶಕ ಪ್ಲಾಸ್ಟಿಕ್ ಪದರ. ಅದರ ಉದ್ದುದ್ದ ಅಣುಸರಪಳಿಗಳನ್ನು ಅತಿನೇರಳೆ ಕಿರಣ ದಿನದಿನವೂ ಕತ್ತರಿಸುತ್ತ ಬರುತ್ತದೆ. ಇದನ್ನು ತಡೆಯಲೆಂದೇ ಕ್ಲಿಯರ್‌ನೊಳಗೆ ಎರಡು ಬಗೆಯ ರಾಸಾಯನಿಕ ಸೇರಿಸುತ್ತಾರೆ. ಒಂದು ಆ ಕಿರಣಗಳನ್ನು ಹೀರಿಕೊಂಡು ಶಾಖವಾಗಿ ಬಿಡುತ್ತದೆ. ಇನ್ನೊಂದು, ಕತ್ತರಿಸಿದ ಜಾಗದಲ್ಲಿ ಹುಟ್ಟುವ ಪುಂಡ ಅಣುಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ಎರಡೂ ನಿಧಾನವಾಗಿ ಖರ್ಚಾಗುವ ವಸ್ತುಗಳು. ಖರ್ಚಾದ ಮೇಲೆ ಪದರ ಮಂಕಾಗುತ್ತದೆ, ಹೊಳಪು ಹೋಗುತ್ತದೆ, ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಆ ಕ್ರಮ. ಬಿಸಿಲೊಂದರಿಂದಲೇ ಸಾಯುವ ಬಣ್ಣ ಮೆಲ್ಲಗೆ, ವರ್ಷಗಟ್ಟಲೆ ತೆಗೆದುಕೊಂಡು ಸಾಯುತ್ತದೆ. ರೂಫ್, ಬಾನೆಟ್, ಡಿಕ್ಕಿ ಮೂರರಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಸಾಯುತ್ತದೆ. ಹಾಗಿರುವಾಗ ರೂಫ್ ಕನ್ನಡಿಯಂತಿದ್ದು ಬಾನೆಟ್ ಮಾತ್ರ ಬಿರಿದಿದ್ದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು. ಅದೇ ಮಾಡೆಲ್, ಅದೇ ಬಣ್ಣ, ಅದೇ ವರ್ಷದ ಇನ್ನೊಂದು ಕಾರು ಅದೇ ಬೀದಿಯಲ್ಲಿ ಅದೇ ಬಿಸಿಲಿಗೆ ನಿಂತು ಚೆನ್ನಾಗಿದ್ದರಂತೂ ಬಿಸಿಲನ್ನು ಬಿಟ್ಟು ಬೇರೆ ಕಡೆ ನೋಡಲೇಬೇಕಾಗುತ್ತದೆ.

ಕಾರ್ಖಾನೆಯ ಬಣ್ಣ ಎಂಥ ಶಾಖ ಕಂಡು ಬಂದಿರುತ್ತದೆ ಎಂಬುದನ್ನು ತಿಳಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಚೆನ್ನೈ ಸುತ್ತಲ ಪ್ರದೇಶ ಭಾರತದ ಕಾರು ತಯಾರಿಕೆಯ ಬಹು ದೊಡ್ಡ ನೆಲೆ. ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ 1998ರಿಂದ ಹ್ಯುಂಡೈ ಕಾರುಗಳು ಹೊರಬರುತ್ತಿವೆ. ಒರಗಡಂನಲ್ಲಿ 2010ರಲ್ಲಿ ರೆನೋ-ನಿಸಾನ್ ಕಾರ್ಖಾನೆ ಶುರುವಾಯಿತು. ಮರೈಮಲೈ ನಗರದಲ್ಲಿ ಫೋರ್ಡ್ ಎರಡು ದಶಕಕ್ಕೂ ಹೆಚ್ಚು ಕಾಲ ಕಾರು ಮಾಡಿತು. ಇಂಥ ಕಾರ್ಖಾನೆಗಳ ಪೇಂಟ್ ಶಾಪಿನಲ್ಲಿ ತಗಡಿನ ಮೈಯನ್ನು ಮೊದಲು ತೊಳೆದು ಫಾಸ್ಫೇಟ್ ಲೇಪಿಸುತ್ತಾರೆ. ಆಮೇಲೆ ಇಡೀ ಮೈಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಸುಮಾರು 20 ಮೈಕ್ರಾನಿನ ಮೊದಲ ಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್ ಸರ್ಫೇಸರ್, ನಂತರ ಬಣ್ಣದ ಬೇಸ್ ಕೋಟ್, ಕೊನೆಗೆ ಕ್ಲಿಯರ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದ ಆಸುಪಾಸು. ತಳಪದರವನ್ನು 160ರಿಂದ 180 ಡಿಗ್ರಿಯಲ್ಲೂ ಕ್ಲಿಯರನ್ನು 140 ಡಿಗ್ರಿಯ ಆಸುಪಾಸಿನಲ್ಲೂ ಒಲೆಯಲ್ಲಿ ಬೇಯಿಸುತ್ತಾರೆ. 140 ಡಿಗ್ರಿಯಲ್ಲಿ ಹುಟ್ಟಿದ ಪದರಕ್ಕೆ 70 ಡಿಗ್ರಿಯ ಮಧ್ಯಾಹ್ನ ಹೊಸದಲ್ಲ. ಎಂಜಿನ್ನಿನ ಬಿಸಿಯಿಂದ ಬಾನೆಟ್ ಬಿರಿಯಿತು ಎನ್ನುವವರಿಗೂ ಇದೇ ಉತ್ತರ: ಎಂಜಿನ್ ಶಾಖ ಬಾನೆಟ್ಟಿನ ಒಳಮೈಗೆ ತಾಗುವುದು ನಿಜ, ಆದರೆ ಅದು ಕಾರ್ಖಾನೆಯ ಒಲೆಯ ಬಿಸಿಯ ಹತ್ತಿರಕ್ಕೂ ಬರುವುದಿಲ್ಲ.

ಶಾಖಕ್ಕಿಂತ ಮುಖ್ಯವಾದದ್ದು ಶಾಖದ ಏರಿಳಿತ. ತಗಡೂ ಬಣ್ಣವೂ ಬಿಸಿಗೆ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ಮೀಟರ್ ಉದ್ದದ ಉಕ್ಕಿನ ತಗಡು 40 ಡಿಗ್ರಿ ಹೆಚ್ಚಾದಾಗ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಕ್ಲಿಯರ್ ಪದರವನ್ನು ತಗಡಿನಿಂದ ಬಿಡಿಸಿ ಇಟ್ಟರೆ ಅದು ಎರಡೂವರೆ ಮಿಲಿಮೀಟರಿಗೂ ಹೆಚ್ಚು ಹಿಗ್ಗೀತು. ಅಂಟಿಕೊಂಡಿರುವುದರಿಂದ ಹಾಗೆ ಹಿಗ್ಗಲೂ ಆಗದು, ತಣ್ಣಗಾದಾಗ ತನ್ನಿಷ್ಟದಷ್ಟು ಕುಗ್ಗಲೂ ಆಗದು. ಆ ವ್ಯತ್ಯಾಸವೆಲ್ಲ ಪದರದೊಳಗೆ ಎಳೆತವಾಗಿ ಕೂರುತ್ತದೆ. ಅಕ್ಟೋಬರ್ ಮಧ್ಯಾಹ್ನ ಕಾದ ಬಾನೆಟ್ ಮೇಲೆ ಹಿಂಗಾರಿನ ಮೊದಲ ಮಳೆ ಹೊಯ್ದಾಗ ಕೆಲವೇ ನಿಮಿಷಗಳಲ್ಲಿ 30, 40 ಡಿಗ್ರಿ ಇಳಿಯುತ್ತದೆ. ಎಳೆತ ತುತ್ತತುದಿಗೆ ಹೋಗುವುದು ಆಗಲೇ. ಸರಿಯಾಗಿ ಬೆಂದ, ತೆಳ್ಳಗಿನ, ಬಾಗುವ ಗುಣ ಉಳಿದಿರುವ ಪದರ ಇದನ್ನು ಸಾವಿರಾರು ಸಲ ತಾಳಿಕೊಳ್ಳುತ್ತದೆ. ದಪ್ಪ ಹೆಚ್ಚಾದಂತೆ ಪದರದಲ್ಲಿ ಕೂಡಿಬೀಳುವ ಎಳೆತದ ಶಕ್ತಿಯೂ ಹೆಚ್ಚುತ್ತದೆ. ಎಲ್ಲೋ ಒಂದೆಡೆ ಅದು ಬಣ್ಣದ ಗಟ್ಟಿತನವನ್ನು ಮೀರಿದ ದಿನ ಸೀಳು ಬೀಳುತ್ತದೆ. ದಪ್ಪ ಬಣ್ಣ ಗಟ್ಟಿ ಬಣ್ಣ ಎಂಬ ನಮ್ಮ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗು. ಇನ್ನೊಂದು ಕೋಟ್ ಹೊಡೆದುಕೊಡುತ್ತೇನೆ ಎಂದು ಪೇಂಟರ್ ಕೊಡುವ ಉಡುಗೊರೆ ಬಹಳ ಸಲ ಬಿರುಕಿನ ಮೊದಲ ಕಂತು.

ಹಾಗಾದರೆ ಕಾರ್ಖಾನೆಯ ಬಣ್ಣ ಎಂದೂ ಕೈಕೊಡುವುದಿಲ್ಲವೇ ಎಂದರೆ, ಕೊಡುತ್ತದೆ. ಕೈಕೊಟ್ಟಾಗಿನ ಇತಿಹಾಸವೇ ಈ ವಾದಕ್ಕೆ ಒಳ್ಳೆಯ ಸಾಕ್ಷಿ. 1980ರ ದಶಕದ ಕೊನೆಯಲ್ಲಿ, 1990ರ ಮೊದಲ ವರ್ಷಗಳಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಎಷ್ಟೋ ಕಾರು, ಪಿಕಪ್ಪುಗಳ ಬಣ್ಣ ಬಾನೆಟ್ ಮತ್ತು ರೂಫಿನಿಂದ ಹಾಳೆಹಾಳೆಯಾಗಿ ಕಿತ್ತುಬಂತು. ನಡುವಿನ ಸರ್ಫೇಸರ್ ಪದರವನ್ನು ಕೈಬಿಟ್ಟು ತಳಪದರದ ಮೇಲೆಯೇ ಬಣ್ಣ ಹೊಡೆದದ್ದು ಇದರ ಮೂಲ. ತೆಳು ಬಣ್ಣವನ್ನು ದಾಟಿ ಇಳಿದ ಅತಿನೇರಳೆ ಕಿರಣ ತಳಪದರದ ಮೇಲ್ಮೈಯನ್ನೇ ಪುಡಿ ಮಾಡಿತು, ಮೇಲಿನದಕ್ಕೆ ಹಿಡಿತ ತಪ್ಪಿತು. 2006ರಿಂದ 2013ರವರೆಗಿನ ಹೋಂಡಾ ಸಿವಿಕ್ ಕಾರುಗಳ ಕೆಲವು ಬಣ್ಣಗಳು ಬಾನೆಟ್ ಮೇಲೆ ಬಿರಿದಾಗ ಅಮೆರಿಕದಲ್ಲಿ ಕಂಪನಿ ಬಣ್ಣದ ವಾರಂಟಿಯನ್ನು ಕೊಂಡ ದಿನದಿಂದ 7 ವರ್ಷಕ್ಕೆ ವಿಸ್ತರಿಸಿತು. 2019ರಲ್ಲಿ ಟೊಯೋಟಾ ತನ್ನ ಎರಡು ಬಗೆಯ ಬಿಳಿ ಬಣ್ಣಗಳಿಗೆ ಅಲ್ಲಿ ಇಂಥದೇ ವಿಸ್ತರಣೆ ಕೊಟ್ಟಿತು. ಬಿಸಿಲು ಕಾಲಕ್ರಮದಲ್ಲಿ ಪ್ರೈಮರಿಗೂ ತಳಪದರಕ್ಕೂ ನಡುವಿನ ಹಿಡಿತ ಸಡಿಲಿಸಬಲ್ಲದು ಎಂಬುದು ಅದು ಕೊಟ್ಟ ಕಾರಣ. ಮೂರೂ ಪ್ರಸಂಗಗಳಲ್ಲಿ ಬಿಸಿಲು ಇತ್ತು. ಆದರೂ ಬಿಸಿಲನ್ನು ತೋರಿಸಿ ಜಾರಿಕೊಳ್ಳುವುದು ಕೊನೆಯವರೆಗೆ ನಡೆಯಲಿಲ್ಲ. ಕಾರು ಬಿಸಿಲಿಗೆ ನಿಲ್ಲುತ್ತದೆ ಎಂಬುದು ಬಣ್ಣ ತಯಾರಿಸುವವರಿಗೆ ಮೊದಲೇ ಗೊತ್ತಿರುವ ಸಂಗತಿ. ಬಣ್ಣದ ಮಾದರಿ ತಗಡುಗಳನ್ನು ಫ್ಲಾರಿಡಾದ ತೇವದ ಸೆಕೆಯಲ್ಲೂ ಅರಿಝೋನಾದ ಮರುಭೂಮಿಯಲ್ಲೂ ವರ್ಷಗಟ್ಟಲೆ ಒಡ್ಡಿ ನೋಡುವ ಪದ್ಧತಿ ಈ ಉದ್ಯಮದಲ್ಲಿ ಬಹಳ ಹಳೆಯದು. ಚೆನ್ನೈಯಲ್ಲೇ ತಯಾರಾಗಿ ಚೆನ್ನೈಯಲ್ಲೇ ಮಾರಾಟವಾಗುವ ಕಾರಿಗೆ ಚೆನ್ನೈ ಬಿಸಿಲು ಅನಿರೀಕ್ಷಿತ ಅಪಘಾತ ಆಗುವುದಾದರೂ ಹೇಗೆ?

ಇಷ್ಟಾಗಿಯೂ, ರಸ್ತೆಯಲ್ಲಿ ಕಾಣುವ ಬಿರುಕು ಬಾನೆಟ್ಟುಗಳ ದೊಡ್ಡ ಪಾಲು ಕಾರ್ಖಾನೆಯ ತಪ್ಪಲ್ಲ, ಮರುಬಣ್ಣದ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾನೆಟ್ ಕಾರಿನ ಮುಂಭಾಗ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಸಿಡಿಯುವ ಕಲ್ಲು ಮೊದಲು ಬಡಿಯುವುದು ಅದಕ್ಕೆ. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಗೆ ತಾಗಿದಾಗ ಮಡಚುವುದು ಅದೇ. ಆದ್ದರಿಂದ ಬೇರೆ ಯಾವ ಭಾಗಕ್ಕಿಂತಲೂ ಅದು ಹೆಚ್ಚು ಸಲ ಪೇಂಟ್ ಕಾಣುತ್ತದೆ. ಹೊಸ ಕಾರು ಕೂಡ ಸಾಗಣೆಯಲ್ಲೋ ಡೀಲರ್ ಯಾರ್ಡಿನಲ್ಲೋ ಗೀರು ಬಿದ್ದು, ಕೊಳ್ಳುವವರ ಕೈ ಸೇರುವ ಮೊದಲೇ ಸದ್ದಿಲ್ಲದೆ ಒಮ್ಮೆ ಬಣ್ಣ ಹೊಡೆಸಿಕೊಂಡಿರಬಹುದು. ವರ್ಕ್‌ಶಾಪಿನಲ್ಲಿ 140 ಡಿಗ್ರಿಯ ಒಲೆ ಇಲ್ಲ, ಇರಲೂ ಸಾಧ್ಯವಿಲ್ಲ. ವೈರು, ಪ್ಲಾಸ್ಟಿಕ್ಕು, ಟೈರು ಎಲ್ಲ ಕೂಡಿರುವ ಕಾರನ್ನು ಅಷ್ಟು ಬಿಸಿ ಮಾಡಲಾಗದು. ಅಲ್ಲಿ ಬಳಸುವುದು ಎರಡು ಡಬ್ಬಿಯ ಪಾಲಿಯುರೆಥೇನ್: ಒಂದರಲ್ಲಿ ಕ್ಲಿಯರ್, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಸೇರಿ ತಾವಾಗಿಯೇ ಗಟ್ಟಿಯಾಗುತ್ತವೆ, ಮುಚ್ಚಿದ ಪೇಂಟ್ ಬೂತಿನಲ್ಲಿ 60 ಡಿಗ್ರಿ ಶಾಖ ಕೊಟ್ಟರೆ ಬೇಗ ಮತ್ತು ಚೆನ್ನಾಗಿ. ಸರಿಯಾಗಿ ಮಾಡಿದರೆ ಇದು ಕಾರ್ಖಾನೆಯ ಬಣ್ಣಕ್ಕೆ ಸಾಟಿಯಾಗಿ ಬಾಳುತ್ತದೆ. ಆದ್ದರಿಂದ ಮರುಬಣ್ಣ ಎಂದರೆ ಬಿರುಕು ಎಂದು ಅರ್ಥವಲ್ಲ. ಕೆಲಸದ ನಡುವೆ ಕದ್ದ ಸಮಯ ಎಂದರೆ ಬಿರುಕು.

ಆ ಕಳ್ಳತನ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಗನ್ನಿನಿಂದ ಸಿಂಪಡಿಸಿದ ಪ್ರತಿ ಪದರದಲ್ಲೂ ತಿನ್ನರ್ ಇರುತ್ತದೆ. ಅದು ಹಾರಿಹೋಗಲು ಪದರ ಪದರದ ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ಮೇ ತಿಂಗಳ ಮಧ್ಯಾಹ್ನ, ಶೀಟ್ ಹೊದಿಸಿದ ಶೆಡ್ಡಿನಲ್ಲಿ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಮೇಲ್ಮೈ ಮಾತ್ರ ಬೇಗ ಒಣಗಿ, ಒಳಗಿನ ತಿನ್ನರ್ ಸಿಕ್ಕಿಹಾಕಿಕೊಳ್ಳುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಪಾಲಿಶ್ ಮಾಡಿ ಸಂಜೆ ಗಾಡಿ ಕೊಟ್ಟೂ ಆಗುತ್ತದೆ. ಒಳಗಿನದು ತಿಂಗಳುಗಟ್ಟಲೆ ಮೆಲ್ಲಗೆ ಹೊರಬರುತ್ತ ಪದರವನ್ನು ಕುಗ್ಗಿಸುತ್ತದೆ. ಕುಗ್ಗಿದ ಪದರ ಮೊದಲ ಬೇಸಿಗೆಗೆ ಸೀಳುತ್ತದೆ. ನವೆಂಬರ್‌ನಲ್ಲಿ ಅಪಾಯ ಬೇರೆ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಸುರಿಯುತ್ತದೆ. ಹಾರ್ಡನರಿನಲ್ಲಿರುವ ಐಸೋಸಯನೇಟ್ ಗಾಳಿಯ ತೇವದ ಜತೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಹುಟ್ಟಿಸುತ್ತದೆ, ಪದರ ತೂತುತೂತಾಗುತ್ತದೆ. ಬೇಗ ಗಟ್ಟಿಯಾಗಲೆಂದು ಅಳತೆ ಮೀರಿ ಹಾರ್ಡನರ್ ಸುರಿದರೆ ಪದರ ಗಾಜಿನಂತೆ ಗಡುಸಾಗಿ ಬಾಗುವ ಗುಣ ಕಳೆದುಕೊಳ್ಳುತ್ತದೆ. ತಗ್ಗನ್ನು ತಟ್ಟಿ ಸರಿಮಾಡುವ ಬದಲು ಮಿಲಿಮೀಟರ್‌ಗಟ್ಟಲೆ ಪುಟ್ಟಿ ತುಂಬಿದರೆ ಅದು ತಗಡಿನ ಜತೆ ಹಿಗ್ಗುಕುಗ್ಗು ಆಡದೆ ಒಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಬಿರಿದ ಹಳೆಯ ಬಣ್ಣದ ಮೇಲೆ ಸ್ವಲ್ಪ ಎಮರಿ ತಿಕ್ಕಿ ಹೊಸದನ್ನು ಹೊಡೆಯುವುದು. ಕೆಳಗಿನ ಬಿರುಕು ಕೆಲವು ತಿಂಗಳಲ್ಲಿ ಅದೇ ಗೆರೆಯಲ್ಲಿ ಮೇಲೆ ಬಂದೇ ಬರುತ್ತದೆ.

ಚೆನ್ನೈಗೇ ಸಂಬಂಧಪಟ್ಟ ಇನ್ನೊಂದು ಕಾರಣ ನೀರು. ಪುಟ್ಟಿ, ಪ್ರೈಮರ್ ನಯ ಮಾಡಲು ನೀರು ಹಾಕಿ ಎಮರಿ ಉಜ್ಜುವುದು ನಮ್ಮ ಶೆಡ್ಡುಗಳ ವಾಡಿಕೆ. ಆ ನೀರು ಬಹುತೇಕ ಬೋರ್‌ವೆಲ್‌ದು. ಕರಾವಳಿಯ ಅಂಚಿನಲ್ಲಿ, ಉತ್ತರಕ್ಕೆ ಮಿಂಜೂರಿನ ಕಡೆಯಂತೂ, ಅಂತರ್ಜಲಕ್ಕೆ ಸಮುದ್ರದ ಉಪ್ಪು ನುಗ್ಗಿ ದಶಕಗಳೇ ಆಗಿವೆ. ಉಪ್ಪುನೀರಿನಲ್ಲಿ ಉಜ್ಜಿ ಹಾಗೆಯೇ ಒಣಗಲು ಬಿಟ್ಟ ಪ್ರೈಮರ್ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಕಣ ಉಳಿಯುತ್ತದೆ. ಅದರ ಮೇಲೆ ಬಣ್ಣ ಕೂತ ಮೇಲೆ ಆ ಉಪ್ಪು ಪದರದ ಮೂಲಕ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸಾಸಿವೆ ಗಾತ್ರದ ಬೊಕ್ಕೆಗಳು ಏಳುತ್ತವೆ, ಬೇಸಿಗೆಯಲ್ಲಿ ಅವು ಒಡೆದು ಬಿರುಕಿನ ಬಾಯಿ ಆಗುತ್ತವೆ. ಈ ಊರಿನ ಮನೆಮನೆಗೂ ಬರುವ 20 ಲೀಟರಿನ ಕ್ಯಾನ್ ನೀರು ಒಂದಿಷ್ಟು ಇದ್ದರೆ ಕೊನೆಯ ತೊಳೆತ ಮುಗಿಯುತ್ತದೆ. ಅಷ್ಟು ಅಗ್ಗದ ಪರಿಹಾರ ಇದ್ದೂ ಮಾಡದಿರುವುದು ಬೇಸರ ತರಿಸುತ್ತದೆ.

ಬಿರುಕಿನ ಆಕಾರವನ್ನು ಓದಲು ಕಲಿತರೆ ಯಾರ ತಪ್ಪು ಎಂಬುದು ಬಹುಪಾಲು ತಿಳಿಯುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ಹಿಗ್ಗಿಸಿ ನೋಡಿದರೂ ಸಾಕು. ಉಗುರು ಆಡಿಸಿದಾಗ ತಡೆಯದ, ದಿಕ್ಕುದೆಸೆ ಇಲ್ಲದ ಸಣ್ಣ ಬಲೆ ಇದ್ದರೆ ಅದು ಕ್ಲಿಯರ್‌ನಲ್ಲಿ ಮಾತ್ರ. ತೆಳುವಾಗಿ ಹೊಡೆದ, ಇಲ್ಲವೇ ವಯಸ್ಸಾದ ಕ್ಲಿಯರ್. ಉಗುರು ಸಿಕ್ಕಿಕೊಳ್ಳುವ, ಉದ್ದವಾದ, ಒಂದಕ್ಕೊಂದು ಸಮಾನಾಂತರವಾದ ಸೀಳು ದಪ್ಪ ಪದರದ ಅಥವಾ ತಳದ ಹಿಡಿತ ತಪ್ಪಿದ ಬಣ್ಣದ ಗುರುತು. ಒಣಗಿದ ಕೆರೆಯ ತಳ ಬಿರಿದ ಹಾಗೆ ಕಂಡು ಅಂಚು ಮೇಲಕ್ಕೆ ಸುರುಳಿಯಾಗಿದ್ದರೆ ಕೆಳಗೆ ಪುಟ್ಟಿ ಇದೆ. ಒಂದು ಬಿಂದುವಿನಿಂದ ಸುತ್ತಲೂ ಹರಡಿದ ಗೆರೆ ಕಲ್ಲೇಟು, ಇಲ್ಲವೇ ಬಾನೆಟ್ ಮುಚ್ಚುವಾಗ ಅಂಗೈಯಿಂದ ಒತ್ತಿದ ತಗ್ಗು. ಇದಕ್ಕೆ ಜೊತೆಯಾಗಿ ದಪ್ಪ ಅಳೆಯುವ ಪುಟ್ಟ ಮೀಟರ್ ಬೇಕು; ಹಳೆ ಕಾರು ಕೊಳ್ಳುವವರು, ಇನ್ಶೂರೆನ್ಸ್ ಸರ್ವೇಯರುಗಳು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ರೂಫ್‌ನಲ್ಲಿ 110 ಮೈಕ್ರಾನ್, ಬಾಗಿಲಲ್ಲಿ 115, ಬಾನೆಟ್ಟಿನಲ್ಲಿ ಮಾತ್ರ 280 ಎಂದು ಅದು ತೋರಿಸಿದರೆ ಬಾನೆಟ್ ಒಮ್ಮೆಯಾದರೂ ಮರುಬಣ್ಣ ಕಂಡಿದೆ. 500 ದಾಟಿದರೆ ಪುಟ್ಟಿ ಇರುವ ಸಂಭವ ಹೆಚ್ಚು. ಎಲ್ಲೆಡೆ ಒಂದೇ ಅಂಕಿ ಬಂದು, ಬಿರುಕೂ ಇದ್ದರೆ ಆಗ ಕಾರ್ಖಾನೆಯ ಕಡೆಗೆ ಬೆರಳು ತೋರಿಸಲು ಆಧಾರ ಸಿಗುತ್ತದೆ.

ಈ ವಾದಕ್ಕೆ ಮುಖ್ಯವಾಗಿ ಬರುವ ಆಕ್ಷೇಪ ಮಾಲೀಕರ ನಿರ್ಲಕ್ಷ್ಯದ್ದು. ವ್ಯಾಕ್ಸ್ ಹಾಕುವುದಿಲ್ಲ, ನೆರಳಿನಲ್ಲಿ ನಿಲ್ಲಿಸುವುದಿಲ್ಲ, ಹಕ್ಕಿ ಹಿಕ್ಕೆ ಬಿದ್ದರೆ ವಾರ ಕಳೆದು ತೊಳೆಯುತ್ತಾರೆ, ಅದೂ ಬೋರ್ ನೀರಿನಲ್ಲಿ, ಅದೂ ನಡುಮಧ್ಯಾಹ್ನ. ಇದರಲ್ಲಿ ನಿಜ ಇದೆ. ಹಕ್ಕಿ ಹಿಕ್ಕೆಯ ಆಮ್ಲ ಕಾದ ಕ್ಲಿಯರ್‌ನಲ್ಲಿ ಗುಳಿ ಮಾಡುತ್ತದೆ. ಬೋರ್ ನೀರಿನ ಹನಿ ಒಣಗಿದ ಜಾಗದಲ್ಲಿ ಬಿಳಿ ಉಂಗುರ ಕೆತ್ತುತ್ತದೆ. ಮಣಲಿ, ಎಣ್ಣೂರಿನ ಕಡೆಯ ಕೈಗಾರಿಕೆಯ ದೂಳು ಒರಸುವಾಗ ಗೀರುತ್ತದೆ. ಆದರೆ ಇವೆಲ್ಲ ಉಂಟುಮಾಡುವುದು ಕಲೆ, ಗುಳಿ, ಗೀರು ಮತ್ತು ಮಂಕು. ಬಾನೆಟ್ಟಿನ ಈ ತುದಿಯಿಂದ ಆ ತುದಿಗೆ ಸಾಗುವ ಸೀಳನ್ನು ಕಾಗೆಯ ಹಿಕ್ಕೆ ಮಾಡಲಾರದು. ವಾರಂಟಿ ಪುಸ್ತಕದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಕ್ಕಿ ಹಿಕ್ಕೆ, ಮರದ ಅಂಟು, ಉಪ್ಪುಗಾಳಿ, ಆಮ್ಲಮಳೆ ಎಂದು ಪಟ್ಟಿ ಕೊಟ್ಟಿರುವುದನ್ನು ತೋರಿಸಿ ಕೈ ತೊಳೆಯುವವರು, ಮುಂದಿರುವ ಹಾನಿ ಅವುಗಳಿಂದಲೇ ಆದದ್ದು ಎಂಬುದನ್ನೂ ತೋರಿಸಬೇಕು. ಪಟ್ಟಿ ಇದ್ದ ಮಾತ್ರಕ್ಕೆ ಪುರಾವೆ ಆಗುವುದಿಲ್ಲ.

ಎರಡನೇ ಆಕ್ಷೇಪ ಹೆಚ್ಚು ತೂಕದ್ದು. ಪುದುಪೇಟೆಯ ಸುತ್ತಲಿನ ಗಲ್ಲಿಗಳಲ್ಲೋ ಅಂಬತ್ತೂರಿನ ಶೆಡ್ಡಿನಲ್ಲೋ ದಿನಗೂಲಿಯಂತೆ ದುಡಿಯುವ ಪೇಂಟರ್ ಬೂತಿಗೆ, ಒಲೆಗೆ ಲಕ್ಷಗಟ್ಟಲೆ ಎಲ್ಲಿಂದ ತರಬೇಕು? ಅರ್ಧ ಬೆಲೆಗೆ, ನಾಳೆ ಸಂಜೆಗೇ ಬೇಕು ಎಂದು ಅವಸರ ಮಾಡುವುದು ಗಿರಾಕಿಯೇ ಅಲ್ಲವೇ? ಹೌದು, ಅವಸರದ ಗಿರಾಕಿಗೂ ಈ ಬಿರುಕಿನಲ್ಲಿ ಪಾಲಿದೆ. ಆದರೆ ಮೇಲೆ ಹೇಳಿದ ತಪ್ಪುಗಳಲ್ಲಿ ಬೂತ್ ಇಲ್ಲದ್ದರಿಂದ ಆಗುವುದು ಕಡಿಮೆ. ಹಾರ್ಡನರನ್ನು ಡಬ್ಬಿಯ ಮೇಲಿನ ಅಳತೆಗೆ ಬೆರೆಸಲು, ಪದರದ ನಡುವೆ ಕಾಲು ಗಂಟೆ ಕಾಯಲು, ಬೇಸಿಗೆಯಲ್ಲಿ ನಿಧಾನ ಒಣಗುವ ತಿನ್ನರ್ ಬಳಸಿ ಬೆಳಗಿನ ಹೊತ್ತು ಸಿಂಪಡಿಸಲು, ಮಳೆ ಹನಿಯುವ ದಿನ ಕೆಲಸ ಮುಂದೂಡಲು ಹಣ ಬೇಡ. ಬೂತ್ ಇಲ್ಲದ ಶೆಡ್ಡಿಗೆ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ಚೆನ್ನೈ ಹವೆ ಅನುಕೂಲವಾಗಿರುತ್ತದೆ. ಅವಸರವಿಲ್ಲದ ಬಾನೆಟ್ ಕೆಲಸವನ್ನು ಆಗ ಇಟ್ಟುಕೊಳ್ಳಬಹುದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅಗ್ಗದ, ಅವಸರದ ಪೇಂಟಿಂಗಿನ ನಿಜವಾದ ಬೆಲೆ ತೆರುವುದು ಆ ಪೇಂಟರ್. ಐಸೋಸಯನೇಟ್ ಮಂಜನ್ನು ಕರವಸ್ತ್ರ ಕಟ್ಟಿಕೊಂಡು ಉಸಿರಾಡಿದವರಿಗೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಆ ಕಸುಬಿಗೇ ಮರಳಲಾಗದು. ಗಾಳಿ ಪೂರೈಸುವ ಮಾಸ್ಕ್, ಕೈಗವಸು ಕೊಡುವ ಶೆಡ್ಡಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯ.

ಬಿರುಕು ನೋಟಕ್ಕೆ ಕೆಟ್ಟದು ಅಷ್ಟೇ, ಬಿಟ್ಟರೆ ಏನು ನಷ್ಟ ಎನ್ನುವವರೂ ಇದ್ದಾರೆ. ಒಳನಾಡಿನ ಒಣ ಊರುಗಳಲ್ಲಿ ಈ ಮಾತು ಸ್ವಲ್ಪ ಕಾಲ ನಡೆದೀತು. ತಮಿಳುನಾಡಿನ ಕಡಲಂಚಿನಲ್ಲಿ ನಡೆಯದು. ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ರಾಮೇಶ್ವರದ ದಾರಿಯ ಮಂಡಪಂನಲ್ಲಿ ಲೋಹಗಳನ್ನು ಕಡಲ ಗಾಳಿಗೆ ಒಡ್ಡಿ ಪರೀಕ್ಷಿಸುವ ಕೇಂದ್ರವನ್ನೇ ನಡೆಸುತ್ತದೆ. ಉಪ್ಪುಗಾಳಿ ಬೆತ್ತಲೆ ಉಕ್ಕನ್ನು ಎಷ್ಟು ಬೇಗ ತಿನ್ನುತ್ತದೆ ಎಂಬುದು ಈ ಕರಾವಳಿಯಲ್ಲಿ ಚೆನ್ನಾಗಿ ಅಳೆದು ತಿಳಿದ ವಿಷಯ. ತಗಡಿನವರೆಗೆ ಇಳಿದ ಬಿರುಕಿಗೆ ಒಂದು ಹಿಂಗಾರು ಸಾಕು, ತುಕ್ಕು ಬಣ್ಣದ ಅಡಿಯಲ್ಲಿ ಪಕ್ಕಕ್ಕೆ ಹರಿಯಲು ಶುರುವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೂ ಇದೇ ಎಚ್ಚರಿಕೆ. ಕ್ಲಿಯರ್‌ನಲ್ಲಷ್ಟೇ ಇರುವ ಬಲೆಯಾದರೆ ತಡೆದುಕೊಳ್ಳಬಹುದು. ಉಗುರು ಸಿಕ್ಕುವ ಸೀಳಾದರೆ ಮುಂದಿನ ಮಳೆಗಾಲಕ್ಕೆ ಮೊದಲೇ ಕೈ ಹಚ್ಚಬೇಕು.

ಕೈ ಹಚ್ಚುವುದೆಂದರೆ ಬಿರುಕು ಪೂರ್ತಿ ಮಾಯವಾಗುವವರೆಗೆ ಕೆಳಗಿಳಿಯುವುದು. ಪಾಲಿಶ್‌ನಿಂದ ಬಿರುಕು ಹೋಗುವುದಿಲ್ಲ. ಕ್ಲಿಯರ್ ಇನ್ನಷ್ಟು ಸವೆಯುತ್ತದೆ, ಗೆರೆಗಳಲ್ಲಿ ಮೇಣ ತುಂಬಿ ಒಂದೆರಡು ತೊಳೆತದವರೆಗೆ ಮರೆಯಾಗುತ್ತದೆ. ಸೆರಾಮಿಕ್ ಕೋಟಿಂಗ್ ಎಂದು ಮಾರುವುದು ಕೆಲವೇ ಮೈಕ್ರಾನಿನ ಪದರ, ಬಿರಿದದ್ದನ್ನು ಅದು ಬೆಸೆಯಲಾರದು. ಬಿರುಕಿನ ಮೇಲೆ ಪಾರದರ್ಶಕ ಫಿಲಂ ಅಂಟಿಸಿದರಂತೂ ಅದನ್ನು ಕಿತ್ತ ದಿನ ಬಣ್ಣವೂ ಜತೆಗೇ ಬರುತ್ತದೆ. ಇವೆರಡೂ ಗಟ್ಟಿ ಬಣ್ಣವನ್ನು ಕಾಯುವ ವಸ್ತುಗಳು, ಕೆಟ್ಟ ಬಣ್ಣಕ್ಕೆ ಚಿಕಿತ್ಸೆ ಅಲ್ಲ. ಬಿರುಕು ಕ್ಲಿಯರ್‌ನಲ್ಲಿ ನಿಂತಿದ್ದರೆ ಅದನ್ನೂ ಬೇಸನ್ನೂ ಉಜ್ಜಿ ತೆಗೆದು ಗಟ್ಟಿ ಪ್ರೈಮರ್ ಮೇಲಿಂದ ಮತ್ತೆ ಶುರುಮಾಡಬಹುದು. ಪ್ರೈಮರಿಗೂ ಇಳಿದಿದ್ದರೆ ತಗಡಿನವರೆಗೆ ಬೋಳಿಸಿ ಎಪಾಕ್ಸಿ ಪ್ರೈಮರಿನಿಂದ ಮೇಲಕ್ಕೆ ಬರಬೇಕು. ಖರ್ಚು ಹೆಚ್ಚು, ಬಾನೆಟ್ ಬಿಚ್ಚಿ ಕೊಟ್ಟು ಮೂರು ನಾಲ್ಕು ದಿನ ಗಾಡಿ ನಿಲ್ಲಿಸಬೇಕು. ಆದರೂ ವರ್ಷಕ್ಕೊಮ್ಮೆ ಮೇಲ್ಮೇಲೆ ಹೊಡೆಸುವುದಕ್ಕಿಂತ ಇದೇ ಅಗ್ಗ. ಮುಗಿದ ಮೇಲೆ ಕನಿಷ್ಠ ಒಂದು ತಿಂಗಳು ವ್ಯಾಕ್ಸ್, ಫಿಲಂ, ಹೊದಿಕೆ ಯಾವುದೂ ಬೇಡ. ಒಳಗೆ ಉಳಿದ ತಿನ್ನರ್ ಹೊರಗೆ ಹೋಗಲು ದಾರಿ ಬೇಕು.

ಹಣ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ದಾರಿ ಇದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿಗೂ ಕೊರತೆಯ ಸೇವೆಗೂ ಪರಿಹಾರ ಕೇಳಬಹುದು. ಪೇಂಟಿಂಗ್ ಕೆಲಸವೂ ಸೇವೆಯೇ. ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದಂದಿನಿಂದ 2 ವರ್ಷದೊಳಗೆ ಕೊಡಬೇಕು, ಆದ್ದರಿಂದ ಬಿರುಕು ಮೊದಲು ಕಂಡ ದಿನವೇ ಫೋಟೊ ತೆಗೆದು ಇಮೇಲ್ ಕಳಿಸಿ ದಾಖಲೆ ಮಾಡುವುದು ಜಾಣತನ. ವಸ್ತುವಿನ ದೋಷ ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಬಿರುಕು ಬಾನೆಟ್ಟಿಗೆ ಇಡೀ ಕಾರು ಬದಲಿಸಿಕೊಡಿ ಎಂದು ಕೇಳಿದರೆ ಮಾತ್ರ ಕೈ ಸುಡುತ್ತದೆ: ಭಾಗ ಬದಲಿಸಿ ಸರಿಮಾಡಬಹುದಾದ ದೋಷಕ್ಕೆ ಪೂರ್ತಿ ವಾಹನ ಬದಲಿ ಸಲ್ಲದು ಎಂದು ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಬಾನೆಟ್ ಬದಲಿ ಇಲ್ಲವೇ ಸರಿಯಾದ ಮರುಬಣ್ಣ, ಜೊತೆಗೆ ಅಲೆದಾಟದ ಪರಿಹಾರ, ಇಷ್ಟು ಕೇಳಿದರೆ ವಾದ ನಿಲ್ಲುತ್ತದೆ. ಯಾವ ದೂರಿಗಾದರೂ ಮೊದಲ ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆಯೋಗದ ಮುಂದೆ ಸೋಲುವ ದೂರುಗಳಲ್ಲಿ ಕಾಗದ ಇಲ್ಲದಿರುವುದೇ ದೊಡ್ಡ ಕೊರತೆ. ಹೊಸ ಕಾರನ್ನು ಮನೆಗೆ ತರುವ ದಿನ ಪೂಜೆಗೆ ಮೊದಲು ಮೀಟರ್ ಹಿಡಿದು ರೂಫ್, ಬಾನೆಟ್, ಎರಡು ಬಾಗಿಲು ಅಳೆಸಿ, ಅಂಕಿಗಳನ್ನು ಡೆಲಿವರಿ ಚೀಟಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಮರುಬಣ್ಣ ಹೊಡೆಸುವಾಗ ಬಿಲ್ಲಿನಲ್ಲಿ ಬರೀ ‘ಬಾನೆಟ್ ಪೇಂಟಿಂಗ್’ ಎಂದು ಬರೆಯಲು ಬಿಡಬೇಡಿ. ಹಳೆಯ ಬಣ್ಣವನ್ನು ಎಲ್ಲಿಯವರೆಗೆ ತೆಗೆದರು, ಯಾವ ಕಂಪನಿಯ ಪ್ರೈಮರ್, ಕ್ಲಿಯರ್, ಹಾರ್ಡನರ್ ಬಳಸಿದರು, ಎಷ್ಟು ಕೋಟ್, ಮುಗಿದ ಮೇಲೆ ದಪ್ಪ ಎಷ್ಟು ಮೈಕ್ರಾನ್, ಎಷ್ಟು ತಿಂಗಳ ಗ್ಯಾರಂಟಿ, ಇಷ್ಟನ್ನೂ ಬರೆಸಿ. ಬರೆದುಕೊಡಲು ಒಪ್ಪದ ಶೆಡ್ಡಿಗಾಗಲಿ ಕಂಪನಿಯ ಸರ್ವಿಸ್ ಸೆಂಟರಿಗಾಗಲಿ ನಿಮ್ಮ ಕಾರಿನ ಕೀ ಕೊಡಬೇಡಿ.